ಒಂದು ಹಲ್ಲು ಮುಂದಕ್ಕೆ

ನನ್ನ ಮೇಜಿನ ಮೇಲೆ ಒಂದು ವೈಟ್ನರ್ ಬಾಟಲಿ ಇದೆ. ಬರೆದದ್ದು ತಪ್ಪಾದರೆ ಮೇಲೆ ಬಳಿಯುವ ಬಿಳಿ ಬಣ್ಣ, ಮುಚ್ಚಳಕ್ಕೇ ಅಂಟಿಕೊಂಡ ಪುಟ್ಟ ಕುಂಚ, ಅಷ್ಟೆ. ಬಾಟಲಿಯ ಮೈಮೇಲೆ ಎಂಜಿನ್ ಆಯಿಲಿನ ಕರಿ ಹೆಬ್ಬೆಟ್ಟಿನ ಗುರುತೊಂದು ಕೂತಿದೆ. ನಿನ್ನೆ ಚಿಲಮತ್ತೂರಿನ ಕಡೆ ಹೆದ್ದಾರಿಯಲ್ಲಿ ಹೋಟೆಲು ಇಟ್ಟಿರುವವರೊಬ್ಬರು ಬಂದಿದ್ದರು. ಅವರ ಕ್ರಯಪತ್ರದ ಬರಹದಲ್ಲಿ ಪೂರ್ವ ಅಂತ ಇರಬೇಕಾದ ಕಡೆ ಪಶ್ಚಿಮ ಅಂತ ಬಿದ್ದಿತ್ತು. ಬಾಟಲಿ ಕಣ್ಣಿಗೆ ಬಿದ್ದದ್ದೇ, "ಒಂದೇ ಒಂದ್ ಪದ ಅಲ್ವಾ ಸಾಮಿ, ಬಿಳೀದು ಬಳ್ದ್ಬುಡಿ, ಯಾರಿಗ್ ಗೊತ್ತಾಯ್ತದೆ" ಅಂದರು.

ಒಂದೇ ಒಂದು ಪದವಂತೆ. ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಆಂಧ್ರದ ಗಡಿಯ ಹಿಂದೂಪುರದಲ್ಲಿ ರಿಜಿಸ್ಟ್ರಾರ್ ಆಫೀಸಿನ ಎದುರು, ಜೆರಾಕ್ಸ್ ಅಂಗಡಿಯ ಜಗಲಿಯಲ್ಲಿ ಮೇಜು ಹಾಕಿಕೊಂಡು ದಸ್ತಾವೇಜು ಬರೆಯುವವನು ನಾನು. ನೋಡುವವರಿಗೆ ಬರವಣಿಗೆ ನನ್ನ ಕಸುಬು. ನಿಜ ಹೇಳಬೇಕೆಂದರೆ ಸಿಟ್ಟೇ ನನ್ನ ಕಸುಬು. ಬದುವಿನ ಜಗಳ, ಬಾವಿಯ ಪಾಲು, ದಾರಿ ಬಿಡದ ದಾಯಾದಿ, ಎಲ್ಲರ ಸಿಟ್ಟೂ ನನ್ನ ಮೇಜಿಗೇ ಬರುತ್ತದೆ. ಅದನ್ನು ಸೋಸಿ, ಬೈಗುಳ ತೆಗೆದು, "ತಮ್ಮ ಗಮನಕ್ಕೆ ತರಬಯಸುತ್ತೇನೆ" ಎಂಬ ಮಾತಿನೊಳಗೆ ಕೂರಿಸಿ ಕೊಡುತ್ತೇನೆ. ಮೂವತ್ತು ವರ್ಷ ಹೀಗೆ ಊರವರ ಸಿಟ್ಟನ್ನು ಮೈಮೇಲೆ ಎಳೆದುಕೊಂಡು, ಈಗ ಸ್ವಂತದ್ದು ಯಾವುದು, ಗಿರಾಕಿಯದು ಯಾವುದು ಎಂದೇ ತಿಳಿಯುವುದಿಲ್ಲ. ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾದರೂ ನಾನು "ಈ ಮೂಲಕ" ಎಂದೇ ಶುರುಮಾಡುತ್ತೇನೆ ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ.

ದಸ್ತಾವೇಜಿನಲ್ಲಿ ವೈಟ್ನರ್ ಹಚ್ಚುವಂತಿಲ್ಲ. ತಪ್ಪಾಯಿತೋ, ಆ ಪದದ ಮೇಲೆ ಒಂದು ಗೀಟು ಎಳೆಯಬೇಕು. ಕೆಳಗಿರುವ ತಪ್ಪು ಓದುವ ಹಾಗೇ ಇರಬೇಕು. ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ರುಜು ಹಾಕಬೇಕು. ನಮ್ಮ ಕಸುಬಿನ ಮೊದಲ ಪಾಠ ಇದು. ಹಾಗಾದರೆ ಬಾಟಲಿ ಯಾಕೆ ಇಟ್ಟಿದ್ದೀಯ ಎಂದು ನೀವು ಕೇಳಬಹುದು. ಅದನ್ನು ಹೇಳಬೇಕೆಂದರೆ ನಮ್ಮ ಭಾವನ ವಿಷಯ ಹೇಳಬೇಕು, ಹುಣಸೆಹಣ್ಣಿನ ಸಾಹುಕಾರರ ವಿಷಯ ಹೇಳಬೇಕು, ಕಲ್ಯಾಣದುರ್ಗದವರ ವಿಷಯವಂತೂ ಹೇಳಲೇಬೇಕು. ಹೋದ ವರ್ಷದ ಮಾತು. ಈಗ ನೆನೆಸಿಕೊಂಡರೂ ಕಿವಿ ಬಿಸಿಯಾಗುತ್ತದೆ.

ಮಲ್ಲಣ್ಣ ನನ್ನ ಅಕ್ಕನ ಗಂಡ. ಊರ ಹೊರಗೆ, ಪರಿಗಿಗೆ ಹೋಗುವ ರಸ್ತೆಯಲ್ಲಿ ಅವರ ಷೆಡ್ಡು. ಬಾಗಿಲ ಮೇಲೆ ಒಂದು ಮೊಳದ ತಗಡು. ಅದರ ಮೇಲೆ "ಇಲ್ಲಿ ಎಲ್ಲಾ ತರಹದ ಎಂಜಿನ್ ಕೆಲಸ ಮಾಡಲಾಗುತ್ತದೆ" ಎಂದು ನಾನೇ ಚಿಕ್ಕ ಕುಂಚದಲ್ಲಿ ಬರೆದುಕೊಟ್ಟಿದ್ದೆ. ಟ್ರ್ಯಾಕ್ಟರು, ಲಾರಿ, ನೀರೆತ್ತುವ ಎಂಜಿನ್ನು, ಏನೇ ಕೆಟ್ಟರೂ ಅವರೇ. ನಲವತ್ತು ವರ್ಷ ಎಂಜಿನ್ನುಗಳ ಮಗ್ಗುಲಲ್ಲಿ ಕೂತು ಅವರ ಕಿವಿ ಮಂದ. ನಾವು ಕೂಗಿ ಹೇಳಿದರೂ ಅರ್ಧ ತಲುಪುತ್ತದೆ, ಫೋನಿನಲ್ಲಂತೂ ಏನೂ ಇಲ್ಲ. ಆದರೆ ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿದರೆ ಸಾಕು, ಒಳಗೆ ಯಾವ ಬೇರಿಂಗು ನರಳುತ್ತಿದೆ ಎಂದು ಹೇಳಿಬಿಡುತ್ತಾರೆ. ಮನುಷ್ಯರ ಮಾತು ಕೇಳಿಸದಿದ್ದರೆ ಏನೂ ನಷ್ಟವಿಲ್ಲ ಎಂಬುದು ಅವರ ಅಭಿಪ್ರಾಯ. ಆಗೆಲ್ಲ ನಾನು ಒಪ್ಪುತ್ತಿರಲಿಲ್ಲ.

ಇನ್ನು ಸಾಹುಕಾರರು. ಗುರುಶಾಂತಪ್ಪನವರಿಗೆ ಹಿಂದೂಪುರದಲ್ಲಿ ಹುಣಸೆಹಣ್ಣಿನ ಮಂಡಿ ಇದೆ. ಅರವತ್ತು ದಾಟಿದವರು, ಹಣೆ ತುಂಬ ವಿಭೂತಿ, ಮೊಣಕಾಲು ನೋವು, ಬಿಳಿ ಪಂಚೆ. ಇಂಥವರು ಏನು ಕೊಳ್ಳಬೇಕು? ಒಂದು ಒಳ್ಳೆ ಎತ್ತರದ ಜೀಪು ಕೊಳ್ಳಬೇಕು. ಇವರು ಬೆಂಗಳೂರಿಗೆ ಹೋಗಿ, ಯಾರೋ ಓಡಿಸಿ ಬಿಟ್ಟ ಸ್ಪೋರ್ಟ್ಸ್ ಕಾರು ತಂದರು. ಎರಡೇ ಸೀಟು, ಅರಿಶಿನದ ಬಣ್ಣ, ನೆಲಕ್ಕೆ ಹೊಟ್ಟೆ ಹಚ್ಚಿ ಕೂತ ಹಾಗೆ ಎತ್ತರ. ಊರವರು ಒಂದೇ ದಿನದಲ್ಲಿ ಅದಕ್ಕೆ ಕಪ್ಪೆ ಅಂತ ಹೆಸರಿಟ್ಟರು. ಸಾಹುಕಾರರು ಅದರೊಳಗೆ ಇಳಿಯುವುದೆಂದರೆ ಬಾವಿಗೆ ಇಳಿದ ಹಾಗೆ. ಮೊದಲು ಒಂದು ಕಾಲು, ಆಮೇಲೆ ಪಂಚೆ, ಆಮೇಲೆ ಸಾಹುಕಾರರು. ಪಕ್ಕದ ಸೀಟಿನಲ್ಲಿ ಹುಣಸೆಹಣ್ಣಿನ ಸ್ಯಾಂಪಲ್ ಚೀಲ. ಲೇಪಾಕ್ಷಿಯಿಂದ ದಿನಾ ಬಸ್ಸಿಗೆ ಬರುವ ನಾನು ಎಷ್ಟೋ ಸಲ ಕಿಟಕಿಯಿಂದ ನೋಡಿದ್ದೇನೆ, ಪ್ರತಿ ಉಬ್ಬಿಗೂ ಕಪ್ಪೆ ನಿಂತು, ಓರೆಯಾಗಿ, ಕರ್ ಅಂತ ಹೊಟ್ಟೆ ಉಜ್ಜಿಕೊಂಡು ದಾಟುವುದನ್ನು. ನಮ್ಮ ಬಸ್ಸೇ ಅದನ್ನು ಹಿಂದೆ ಹಾಕುತ್ತಿತ್ತು.

ಇರಲಿ, ಅವರ ಆಸೆ ಅವರದು. ನನಗೆ ಸಿಟ್ಟು ಬಂದದ್ದು ಅದಕ್ಕಲ್ಲ. ನಾಲ್ಕು ತಿಂಗಳಿಗೆ ಕಪ್ಪೆ ಕೆಮ್ಮತೊಡಗಿತು. ನಿಂತಲ್ಲಿ ನಡುಗುವುದು, ಬೆಳಿಗ್ಗೆ ಎದ್ದೇಳಲು ಹಟ ಮಾಡುವುದು, ಏರು ಬಂದರೆ ಉಸಿರು ಕಟ್ಟುವುದು. ಬೆಂಗಳೂರಿನ ಒಂದು ದೊಡ್ಡ ಗ್ಯಾರೇಜಿನವರು ಬಾನೆಟ್ಟನ್ನು ಎತ್ತಿಯೂ ನೋಡದೆ, ಬರೀ ಕಂಪ್ಯೂಟರಿನ ತಂತಿ ಚುಚ್ಚಿ, ಇಡೀ ಎಂಜಿನ್ನೇ ಬದಲಾಯಿಸಬೇಕು ಎಂದರಂತೆ. ಹಲ್ಲುನೋವೆಂದು ಹೋದವನಿಗೆ ತಲೆಯನ್ನೇ ಬದಲಾಯಿಸಿ ಅಂದ ಹಾಗಾಯಿತು. ಸಾಹುಕಾರರು ಗಾಡಿಯನ್ನು ಲಾರಿಯ ಮೇಲೆ ಹೇರಿಸಿಕೊಂಡು ವಾಪಸು ತಂದು ಭಾವನ ಷೆಡ್ಡಿನ ಮುಂದೆ ಇಳಿಸಿದರು.

ಭಾವ ಮೊದಲು ಸ್ಕ್ರೂ ಡ್ರೈವರ್ ಕಿವಿಗಿಟ್ಟರು. ಬಹಳ ಹೊತ್ತು ಕಣ್ಣು ಮುಚ್ಚಿಕೊಂಡು ಕೂತಿದ್ದು, "ಇದು ಸತ್ತಿಲ್ಲ ಕಣ್ ಈರಬದ್ರ. ಉಸ್ರು ತಡವಾಗಿ ತಗೋತೈತೆ, ಅಷ್ಟೇಯ" ಅಂದರು. ನನ್ನ ಹೆಸರು ವೀರಭದ್ರಪ್ಪ. ಕಾಗದದ ಮೇಲೆ ಮಾತ್ರ ಹಾಗೆ.

ಅವರು ಅಂದು ನನಗೆ ಬಿಡಿಸಿ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಎಂಜಿನ್ನಿಗೆ ಉಸಿರು ಎಳೆದುಕೊಳ್ಳಲು ಒಂದು ಬಾಗಿಲು, ಬಿಡಲು ಇನ್ನೊಂದು ಬಾಗಿಲು. ಎಳೆದುಕೊಳ್ಳುವ ಬಾಗಿಲಿಗೆ ಇನ್‌ಟೇಕ್ ಎನ್ನುತ್ತಾರೆ. ಈ ಬಾಗಿಲುಗಳನ್ನು ಹೊತ್ತುಹೊತ್ತಿಗೆ ತೆರೆಯುವ ಸರಳು ಕ್ಯಾಮ್ ಶಾಫ್ಟ್. ಕೆಳಗಡೆ ತಿರುಗುವ ಕ್ರ್ಯಾಂಕಿಗೂ ಮೇಲೆ ತಿರುಗುವ ಕ್ಯಾಮಿಗೂ ನಡುವೆ ಹಲ್ಲಿನ ಚಕ್ರಗಳು, ಒಂದು ಚೈನು. ಸೈಕಲ್ ಚೈನು ಸಡಿಲವಾದರೆ ಹಲ್ಲು ಹಾರುತ್ತದಲ್ಲ, ಹಾಗೆಯೇ ಇಲ್ಲಿಯೂ. ಒಂದೇ ಒಂದು ಹಲ್ಲು ಹಾರಿದರೆ ಸಾಕು, ಬಾಗಿಲು ತೆರೆಯುವ ಹೊತ್ತು ತಪ್ಪಿತು. ಇನ್ನೂ ಎರಡು ಮೂರು ಹಾರಿದರೆ ಬಾಗಿಲು ತೆರೆದಿರುವಾಗಲೇ ಪಿಸ್ಟನ್ನು ಬಂದು ಹೊಡೆಯುತ್ತದೆ. ಅಲ್ಲಿಗೆ ಎಂಜಿನ್ ನಿಜವಾಗಿಯೂ ಮುಗಿದ ಹಾಗೆ. ಎಲೆಕ್ಟ್ರಿಷಿಯನ್ ಒಬ್ಬರಿಂದ ಎರವಲು ತಂದ ಸ್ಕ್ಯಾನರ್ ಕೂಡ ಮೇಲಿನದಕ್ಕೂ ಕೆಳಗಿನದಕ್ಕೂ ಹೊಂದಾಣಿಕೆ ಇಲ್ಲ ಎಂದೇ ತೋರಿಸಿತು. ಯಂತ್ರ ಹೇಳುವ ಮೊದಲೇ ಮೂಳೆ ಹೇಳಿತ್ತು.

ಮೇಲಿನ ಮುಚ್ಚಳ ಬಿಚ್ಚಿದರು. ಚೈನು ಸಡಿಲ, ಚೈನನ್ನು ಬಿಗಿಹಿಡಿಯುವ ಟೆನ್ಷನರು ಸೋತುಹೋಗಿದೆ. ಎರಡಕ್ಕೂ ಹೊಸದು ತರಿಸಿದರು. ಆಗಲೇ ಅವರು ನನ್ನ ಜೇಬಿನಲ್ಲಿದ್ದ ವೈಟ್ನರ್ ಬಾಟಲಿ ಕೇಳಿದ್ದು; ಮಕ್ಕಳ ನೋಟ್ ಪುಸ್ತಕಕ್ಕೆಂದು ಕೊಂಡಿದ್ದೆ. ಚೈನು ಬಿಚ್ಚುವ ಮೊದಲು ಹಲ್ಲಿಗೊಂದು ಬಿಳಿ ಚುಕ್ಕೆ, ಕೊಂಡಿಗೊಂದು ಬಿಳಿ ಚುಕ್ಕೆ ಇಟ್ಟರು. ಇಲ್ಲಿ ಒಂದು ತೊಡಕು ಬಂತು. ಈ ಗಾಡಿಯಲ್ಲಿ ಚೈನು ಇರುವುದು ಎಂಜಿನ್ನಿನ ಬೆನ್ನ ಕಡೆ. ಎಡ ಬಲ ಎಲ್ಲ ಕನ್ನಡಿಯಲ್ಲಿ ನೋಡಿದ ಹಾಗೆ. ಜೊತೆಗೆ ಹಿಂದೆ ಯಾರೋ ಪುಣ್ಯಾತ್ಮ ಬಿಚ್ಚಿ, ಕಂಪನಿಯ ಗುರುತಿನ ಪಕ್ಕ ತನ್ನದೂ ಒಂದು ಗುರುತು ಕೊರೆದಿದ್ದ. ಭಾವನಿಗೆ ಒಂದು ಅಂದಾಜು ಇತ್ತು. ಆದರೂ ಬೇರೆಯವರ ಎಂಜಿನ್ನಿನಲ್ಲಿ ಅಂದಾಜು ಸಲ್ಲದು ಎಂದು, "ಕಲ್ಯಾಣದುರ್ಗದ ಓಬುಳೇಸು ಮೇಸ್ತ್ರೀನ ಕೇಳಾನ" ಅಂದರು.

ಕಲ್ಯಾಣದುರ್ಗ ಅಂದಕೂಡಲೇ ನಾನು ಮುಖ ಸಿಂಡರಿಸಿದೆ. ಅದು ನಮ್ಮ ಮನೆಯ ರೂಢಿ. ನಾನು ಚಿಕ್ಕವನಿದ್ದಾಗ ನಮ್ಮ ಅಪ್ಪನ ಸೋದರತ್ತೆಯ ಮನೆ ಅಲ್ಲಿತ್ತು. ಅವರ ಮಗಳ ಮದುವೆ ಗೊತ್ತಾಗಿ, ನಾವೆಲ್ಲ ಹೊಸ ಬಟ್ಟೆ ಹೊಲಿಸಿಕೊಂಡು ಕಾದಿದ್ದೆವು. ಅಷ್ಟರಲ್ಲಿ ಬಸ್ಸಿನ ತೆಲುಗು ಕಂಡಕ್ಟರನ ಕೈಲಿ ಅವರಿಂದ ಸುದ್ದಿ ಬಂತು, ಮದುವೆ ಎರಡು ದಿನ ಮುಂದಕ್ಕೆ ಹೋಗಿದೆಯಂತೆ. ಸರಿ, ನಾವು ಎರಡು ದಿನ ತಡೆದು ಹೋದೆವು. ಹೋಗಿ ನೋಡಿದರೆ ಚಪ್ಪರ ಬಿಚ್ಚಿ ಕಡ್ಡಿ ಕಟ್ಟುತ್ತಿದ್ದಾರೆ, ಹಂಡೆ ತೊಳೆದು ಬೋರಲು ಹಾಕಿದ್ದಾರೆ. ನನಗೆ ಒಂದು ಒಣಗಿದ ಲಾಡು ಕೊಟ್ಟರು. ಅಜ್ಜ ಅಂಗಳದಲ್ಲೇ ನಿಂತು, ನೀರೂ ಕುಡಿಯದೆ, ನಮ್ಮನ್ನೆಲ್ಲ ತಿರುಗಿಸಿಕೊಂಡು ಬಂದ. ಬೇಕೆಂದೇ ಮಾಡಿದರು, ನಾವು ಬರಬಾರದು ಎಂದೇ ಸುಳ್ಳು ಸುದ್ದಿ ಕಳಿಸಿದರು ಎಂದು ಸಾಯುವವರೆಗೂ ಹೇಳುತ್ತಿದ್ದ. ಅಲ್ಲಿಗೆ ಆ ಸಂಬಂಧ ಮುಗಿಯಿತು. ಅಜ್ಜ ಬಿಟ್ಟುಹೋದ ಆಸ್ತಿಯಲ್ಲಿ ಈ ಸಿಟ್ಟೊಂದೇ ಪಾಲಾಗದೆ ಎಲ್ಲರಿಗೂ ಪೂರ್ತಿ ಸಿಕ್ಕಿದ್ದು.

ಓಬುಳೇಸು ಮೇಸ್ತ್ರಿ ಮದ್ರಾಸಿನಲ್ಲಿ ರೇಸು ಗಾಡಿಗಳ ಗ್ಯಾರೇಜಿನಲ್ಲಿ ಬಹಳ ಕಾಲ ದುಡಿದವರು. ಈಗ ಕಲ್ಯಾಣದುರ್ಗದಲ್ಲಿ ಕೊಳವೆಬಾವಿ ಕೊರೆಯುವ ಕಂಪ್ರೆಸರುಗಳನ್ನು ರಿಪೇರಿ ಮಾಡಿಕೊಂಡಿದ್ದಾರೆ. ಸೊಂಟ ಹಿಡಿದು ಪ್ರಯಾಣ ಮಾಡುವ ಹಾಗಿಲ್ಲ. ಅವರ ಮಾತೆಲ್ಲ ತೆಲುಗು, ಭಾವನಿಗೆ ಫೋನು ಕೇಳಿಸುವುದಿಲ್ಲ. ಆದ್ದರಿಂದ ನಾನು ಕೇಳಿ, ಕನ್ನಡದಲ್ಲಿ ಚೀಟಿ ಬರೆದು ಭಾವನಿಗೆ ಕೊಡುವುದು ಎಂದಾಯಿತು. ನನಗೆ ಹೆಮ್ಮೆಯೇ ಆಯಿತು. ಹಳೆಯ ಕನ್ನಡ ಪತ್ರಗಳನ್ನು ತೆಲುಗಿಗೆ, ತೆಲುಗಿನವನ್ನು ಕನ್ನಡಕ್ಕೆ ಇಳಿಸುವುದು ನನ್ನ ದಿನನಿತ್ಯದ ಕೆಲಸ. ಗಡಿಯಲ್ಲಿ ಹುಟ್ಟಿದವರಿಗೆ ಎರಡು ನಾಲಿಗೆ. ನಮ್ಮಜ್ಜಿ ಬೈಯುತ್ತಿದ್ದುದು ಕನ್ನಡದಲ್ಲಿ, ಮುದ್ದು ಮಾಡುತ್ತಿದ್ದುದು ತೆಲುಗಿನಲ್ಲಿ.

ಮೇಸ್ತ್ರಿ ಎಲ್ಲವನ್ನೂ ಕೇಳಿಸಿಕೊಂಡು, ಫೋಟೋ ತರಿಸಿಕೊಂಡು ನೋಡಿ, ನಿಧಾನಕ್ಕೆ ಹೇಳಿದರು. "ಇನ್‌ಟೇಕು ತೆರುಚುಕುನೇ ಟೈಮು ಒಕ ಪನ್ನು ಮುಂದುಕು ಜರಗಾಲಪ್ಪಾ."

ತೆಲುಗಿನಲ್ಲಿ ಪನ್ನು ಅಂದರೆ ಹಲ್ಲೂ ಹೌದು, ತೆರಿಗೆಯೂ ಹೌದು. ಬೇರೆ ಯಾರಾದರೂ ಆಗಿದ್ದರೆ ಗಾಡಿಯ ರೋಡ್ ಟ್ಯಾಕ್ಸ್ ವಿಷಯ ಎಂದುಕೊಂಡುಬಿಡುತ್ತಿದ್ದರು. ನಾನು ಹಾಗೆ ಮೋಸಹೋಗುವವನೇ? ಇಲ್ಲಿ ಹಲ್ಲು ಎಂದೇ ಅರ್ಥ ಎಂದು ಥಟ್ಟನೆ ಹಿಡಿದು, ಅದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತ, ಸ್ಪಾರ್ಕ್ ಪ್ಲಗ್ಗಿನ ರಟ್ಟಿನ ಡಬ್ಬಿ ಹರಿದು ಅದರ ಮೇಲೆ ಬರೆದೆ: "ಇನ್‌ಟೇಕ್ ತೆರೆಯುವ ಹೊತ್ತು ಒಂದು ಹಲ್ಲು ಮುಂದಕ್ಕೆ ಹೋಗಬೇಕು."

ಭಾವ ಚೀಟಿಯನ್ನು ಎರಡು ಸಲ ಓದಿದರು. "ಮುಂದಕ್ಕೇ ಅಂದ್ರಾ? ಸರಿಯಾಗ್ ಕೇಳಿಸ್ಕಂಡ್ಯಾ?" ಎಂದು ಕೇಳಿದರು.

ನನಗೆ ರೇಗಿತು. ಕಿವಿ ಕೇಳದವರು ಕಿವಿ ಕೇಳುವವನನ್ನು ಕೇಳುವ ಪ್ರಶ್ನೆಯೇ ಅದು? "ಭಾವ, ಜನ ನನ್ ಬರವಣಿಗೆ ನಂಬಿ ಜಮೀನ್ ಬರ್ಕೊಡ್ತಾರೆ. ನೀವು ಒಂದ್ ಹಲ್ಲಿಗೆ ನಂಬಲ್ವಾ?" ಅಂದೆ. ಅವರು ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಬಗ್ಗಿದರು.

ಚೈನು ಕೂರಿಸಿ, ಕೀ ತಿರುಗಿಸುವ ಮೊದಲು ಕ್ರ್ಯಾಂಕಿಗೆ ಸ್ಪ್ಯಾನರು ಹಾಕಿ ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ ನೋಡಿದರು. ಅದು ಅವರ ನೇಮ. ಎಲ್ಲೂ ತಾಗಲಿಲ್ಲ. ಸಾಹುಕಾರರಿಗೆ ಹೇಳಿಕಳಿಸಿದೆವು. ಅವರೊಬ್ಬರೇ ಬರಲಿಲ್ಲ, ಮಂಡಿಯ ನಾಲ್ಕು ಜನ ವ್ಯಾಪಾರಿಗಳನ್ನೂ ಕರೆತಂದರು. ಭಾವ ಕೀ ತಿರುಗಿಸಿದರು. ಕಪ್ಪೆ ಒಂದು ಸಲ ಮೈಯೆಲ್ಲ ಅದುರಿತು, ಗಾಳಿ ಎಳೆಯುವ ಕೊಳವೆಯಲ್ಲೇ ಢಬ್ ಎಂದು ಕೆಮ್ಮಿ, ಸುಮ್ಮನಾಯಿತು. ಮತ್ತೆ ತಿರುಗಿಸಿದರು. ಆಗ ಅಷ್ಟೂ ಇಲ್ಲ.

"ಏನ್ ಮಲ್ಲಣ್ಣ, ಕೆಮ್ಕೊಂಡಾದ್ರೂ ಓಡಾಡ್ತಿದ್ ಗಾಡೀನ ಸಾಯ್ಸ್ಬುಟ್ಯಲ್ಲಪ್ಪ" ಅಂದರು ಸಾಹುಕಾರರು, ನಾಲ್ಕು ಜನರ ಎದುರಿಗೆ.

"ನನ್ ಕೈಯಾಗ್ ಆಗಿದ್ದು ಸಾವ್ಕಾರ್ರೆ, ನಂದೇ ತಪ್ಪು. ಇನ್ನೊಂದ್ಸಲ ನೋಡ್ತೀನಿ" ಅಂದರು ಭಾವ.

"ಇನ್ನೊಂದ್ಸಲ ಬೇಡ. ಮುಟ್ಬೇಡ. ಬೇರೆ ಯಾರನ್ನಾದ್ರೂ ಹುಡುಕ್ತೀನಿ, ಅಲ್ಲೀಗಂಟ ಇಲ್ಲೇ ಇರ್ಲಿ."

ಆ ಮಾತು ಮಂಡಿಗೆ ಹೋಯಿತು, ಮಂಡಿಯಿಂದ ಊರಿಗೆ ಹೋಯಿತು. ಎರಡು ವಾರದಲ್ಲಿ ಭಾವನ ಷೆಡ್ಡಿಗೆ ಟ್ರ್ಯಾಕ್ಟರುಗಳು ಬರುವುದು ನಿಂತಿತು. ಯಾರೋ ಪಂಕ್ಚರಿಗೆ ಬಂದವರು, "ನಮ್ ಎಂಜಿನ್ ಮಾತ್ರ ಮುಟ್ಬೇಡ ಕಣಣ್ಣ" ಎಂದು ನಗಾಡಿದರಂತೆ. ಒಂದು ಮಧ್ಯಾಹ್ನ ನಾನು ಹೋದಾಗ ಭಾವ ಸ್ಟೂಲಿನ ಮೇಲೆ ನಿಂತಿದ್ದರು. ತಗಡಿನ ಮೇಲೆ ನಾನು ಬರೆದಿದ್ದ ಸಾಲಿನಲ್ಲಿ ಎಂಜಿನ್ ಎಂಬ ಪದದ ಮೇಲೆ ನನ್ನದೇ ವೈಟ್ನರ್ ಬಳಿಯುತ್ತಿದ್ದರು. "ಇಲ್ಲಿ ಎಲ್ಲಾ ತರಹದ ಕೆಲಸ ಮಾಡಲಾಗುತ್ತದೆ" ಎಂದು ಉಳಿಯಿತು. ಇಳಿದು ಬಂದು ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. ಅದರ ಮೇಲಿನ ಹೆಬ್ಬೆಟ್ಟಿನ ಗುರುತು ಅಂದಿನದು.

ನನಗೆ ಕಣ್ಣು ಕತ್ತಲಿಟ್ಟಿತು. ಸಾಹುಕಾರರ ಮೇಲೆ ಸಿಟ್ಟು, ಬೆಂಗಳೂರಿನವರ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಆ ಕಲ್ಯಾಣದುರ್ಗದ ಮೇಸ್ತ್ರಿಯ ಮೇಲೆ. ಅಜ್ಜ ಹೇಳಿದ್ದು ಸುಳ್ಳೇ? ಆ ಊರಿನವರ ಮಾತು ನಂಬಿ ಕೆಟ್ಟೆವು. ಬರೆಯುವವನ ಕೈಗೆ ಬೇರೆ ಆಯುಧ ಏನಿದೆ? ಭಾವನಿಂದ ಸಂಗತಿ ಕೇಳಿಕೊಂಡೆ. ಮೇಸ್ತ್ರಿ ಹೇಳಿದಂತೆ ನೀವು ಏನು ಮಾಡಿದಿರಿ ಎಂದರೆ, "ಚೀಟೀಲಿದ್ದಂಗೇಯ. ತೆರೆಯೋ ಹೊತ್ತ ಒಂದ್ ಹಲ್ಲು ತಡ ಮಾಡ್ದೆ" ಅಂದರು. ಆ ರಾತ್ರಿ ಅಲ್ಲ, ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಹಣೆಗಿಟ್ಟುಕೊಂಡು, ಮೂರು ಪುಟದ ನೋಟೀಸು ಬರೆದೆ. ತೆಲುಗಿನಲ್ಲಿ. ಅಷ್ಟು ಚೆನ್ನಾಗಿ ನಾನು ಯಾವ ಗಿರಾಕಿಗೂ ಬರೆದುಕೊಟ್ಟಿರಲಿಲ್ಲ. ಅಂಚೆಗೆ ಹಾಕಿದರೆ ಅವರ ಮುಖ ನೋಡುವ ಸಂತೋಷ ತಪ್ಪುತ್ತದೆ ಎಂದು ಬಸ್ಸು ಹತ್ತಿ, ನಡುವೆ ಬಸ್ಸು ಬದಲಿಸಿ, ಕಲ್ಯಾಣದುರ್ಗಕ್ಕೆ ನಾನೇ ಹೋದೆ.

ಮೇಸ್ತ್ರಿ ಕಂಪ್ರೆಸರ್ ಬಿಡಿಭಾಗಗಳ ನಡುವೆ ಹಗ್ಗದ ಮಂಚದ ಮೇಲೆ ಕೂತಿದ್ದರು. ತೆಳ್ಳಗಿನ ಮುದುಕ, ಸೊಂಟಕ್ಕೆ ಬೆಲ್ಟು. ಕನ್ನಡಕ ಒಡೆದಿದೆ, ನೀವೇ ಓದಿ ಅಂದರು. ಇನ್ನೂ ಒಳ್ಳೆಯದೇ ಆಯಿತು ಎಂದು ನಿಂತುಕೊಂಡು, ಗಂಟಲು ಸರಿಮಾಡಿಕೊಂಡು ಓದತೊಡಗಿದೆ. ಎರಡನೆಯ ಪುಟದಲ್ಲಿ ಮುಖ್ಯವಾದ ಸಾಲು ಬಂತು. ಇನ್‌ಟೇಕು ತೆರೆಯುವ ಟೈಮನ್ನು "ಒಕ ಪನ್ನು ಆಲಸ್ಯಂ ಚೇಯಮನಿ" ತಾವು ಹೇಳಿದ್ದರಿಂದ, ಎಂದರೆ ಒಂದು ಹಲ್ಲು ತಡ ಮಾಡಿ ಎಂದು ಹೇಳಿದ್ದರಿಂದ, ಎಂಬ ಸಾಲು.

ಮೇಸ್ತ್ರಿ ಕೈ ಎತ್ತಿ ತಡೆದರು. "ಆಲಸ್ಯಮಾ? ನೇನೆಪ್ಪುಡು ಚೆಪ್ತಿನಪ್ಪಾ? ಮುಂದುಕು ಅನಿ ಕದಾ ಚೆಪ್ಪಿಂದಿ." ತಡ ಎಂದು ನಾನೆಲ್ಲಿ ಹೇಳಿದೆ, ಮುಂದುಕು ಎಂದಲ್ಲವೇ ಹೇಳಿದ್ದು?

"ಹೌದು, ಮುಂದಕ್ಕೆ ಅಂತಲೇ ಹೇಳಿದ್ದು. ಅದನ್ನೇ ನಾನೂ" ಎಂದು ಶುರುಮಾಡಿದವನು ಅಲ್ಲೇ ನಿಂತೆ. ಬಾಯಲ್ಲಿ ಎರಡು ಪದ ಒಟ್ಟಿಗೆ ಸಿಕ್ಕಿಕೊಂಡವು.

ಅವರು ಬೈಯಲಿಲ್ಲ. ಮಗುವಿಗೆ ಹೇಳುವ ಹಾಗೆ ಕೇಳಿದರು. "ಪೆಳ್ಳಿ ರೆಂಡು ದಿನಾಲು ಮುಂದುಕು ಜರಿಗಿತೇ ನುವ್ವು ಎಪ್ಪುಡು ಪೋತಾವಪ್ಪಾ?" ಮದುವೆ ಎರಡು ದಿನ ಮುಂದುಕು ಸರಿದರೆ ನೀನು ಯಾವಾಗ ಹೋಗುತ್ತೀಯ?

ನಾನು ಅವರ ಮಂಚದ ತುದಿಯಲ್ಲಿ ಕೂತುಬಿಟ್ಟೆ. ತೆಲುಗಿನವರಿಗೆ ಮುಂದು ಅಂದರೆ ಮೊದಲು. ನಮಗೆ ಮುಂದೆ ಅಂದರೆ ಆಮೇಲೆ. ಅವರ ಮದುವೆ ಮುಂದುಕು ಸರಿದರೆ ಎರಡು ದಿನ ಮೊದಲೇ ಆಗಿಹೋಗುತ್ತದೆ. ನಮ್ಮ ಮದುವೆ ಮುಂದಕ್ಕೆ ಹೋದರೆ ಎರಡು ದಿನ ತಡವಾಗುತ್ತದೆ. ಅಪ್ಪನ ಸೋದರತ್ತೆಯ ಮನೆಯವರು ಸುಳ್ಳು ಹೇಳಿರಲಿಲ್ಲ. ಬೇಗ ಬನ್ನಿ ಎಂದು, ನಾವು ತಪ್ಪಿಸಿಕೊಳ್ಳಬಾರದೆಂದು, ಕಂಡಕ್ಟರನ ಕೈಕಾಲು ಹಿಡಿದು ಸುದ್ದಿ ಕಳಿಸಿದ್ದರು. ನಲವತ್ತೈದು ವರ್ಷ ನಾವು ಅವರನ್ನು ಬೈದೆವು. ಈ ಭಾಷೆಗಳ ಮೇಲೂ ನನಗೆ ಸಿಟ್ಟು ಬಂತು. ಮುಂಚೆ ಅಂದರೆ ಮೊದಲಂತೆ, ಮುಂದೆ ಅಂದರೆ ಆಮೇಲಂತೆ; ನಮ್ಮ ಕನ್ನಡವೇ ಒಂದು ಕಾಲು ಅಲ್ಲಿ ಒಂದು ಕಾಲು ಇಲ್ಲಿ ಇಟ್ಟು ನಿಂತಿದೆ. ಆದರೆ ಭಾಷೆಗೆ ನೋಟೀಸು ಕೊಡಲಾಗುತ್ತದೆಯೇ? ನೋಟೀಸು ಬರೆಯುವಾಗ ನಾನು ಅರ್ಥ ಹುಡುಕಿ ಬರೆದಿದ್ದೆ. ಫೋನಿನಲ್ಲಿ ಆ ಪದ ಕನ್ನಡದ ಹಾಗೇ ಕೇಳಿಸಿತು, ಹಾಗೇ ಇಳಿಸಿಬಿಟ್ಟಿದ್ದೆ. ಪನ್ನು ಎಂಬ ಕಷ್ಟದ ಪದ ಹಿಡಿದ ಜಾಣ, ಅಜ್ಜಿ ಮುದ್ದು ಮಾಡಿದ ಪದದಲ್ಲಿ ಬಿದ್ದೆ. ಒಂದು ಹಲ್ಲು ತಡವಾಗಿದ್ದ ಉಸಿರು ನನ್ನಿಂದ ಎರಡು ಹಲ್ಲು ತಡವಾಯಿತು.

ಮೇಸ್ತ್ರಿ ಟೀ ತರಿಸಿದರು. ಮೂರು ಪುಟದ ನೋಟೀಸನ್ನು ನಾನು ಮಡಿಸಿ ಜೇಬಿಗೆ ತುರುಕಿಕೊಂಡಿದ್ದನ್ನು ನೋಡಿಯೂ ನೋಡದ ಹಾಗಿದ್ದರು.

ಹಿಂತಿರುಗಿ ಬಂದು, ಷೆಡ್ಡಿನಲ್ಲಿ ಭಾವನ ಕಿವಿಯ ಹತ್ತಿರ ಬಾಯಿಟ್ಟು ಎಲ್ಲವನ್ನೂ ಹೇಳಿದೆ. ಅವರು ಅಂಗಿಯ ಜೇಬಿನಿಂದ ಆ ರಟ್ಟಿನ ಚೀಟಿ ತೆಗೆದರು. ಅಷ್ಟು ದಿನವೂ ಅದು ಅಲ್ಲೇ ಇತ್ತು, ಬೆವರಿಗೆ ಮೆತ್ತಗಾಗಿತ್ತು. "ನಂಗೂ ಮೊದ್ಲಾಗ್ಬೇಕು ಅಂತ್ಲೇ ಅನ್ನುಸ್ತಿತ್ತು ಕಣಪ್ಪ. ಓದ್ದೋನು ಬರ್ದವ್ನೆ ಅಂತ ಚೀಟೀನೇ ನಂಬ್ದೆ" ಅಂದರು.

"ಈ ಚೀಟೀನ ಸಾವ್ಕಾರ್ಗೆ ಯಾಕ್ ತೋರಿಸ್ಲಿಲ್ಲ ಭಾವ? ತಪ್ಪು ನಂದು ಅಂತ ಅವತ್ತೇ ಗೊತ್ತಾಯ್ತಿತ್ತು."

"ಗೊತ್ತಾಗ್ಬಾರ್ದು ಅಂತ್ಲೇ. ನನ್ ಸ್ಪ್ಯಾನರ್ ತಪ್ಪಿದ್ರೆ ಇನ್ನೊಂದ್ಸಲ ತಿರುಗ್ಸಬೋದು. ನಿನ್ ಬರವಣಿಗೆ ಮ್ಯಾಲೆ ಜನಕ್ಕೆ ಅನುಮಾನ ಬಂದ್ರೆ ನಿನ್ ಮೇಜಿನ್ ಮುಂದೆ ಯಾರ್ ಬಂದು ಕೂತ್ಕತ್ತಾರೆ? ಯಾರ್ಗೂ ಹೇಳ್ಬ್ಯಾಡ. ರಿಪೇರಿ ಮಾಡಾನ ಬಾ."

ಇಷ್ಟು ವರ್ಷ ಈ ಮನುಷ್ಯನ ಕಿವಿಯನ್ನು ಆಡಿಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು.

ಸಾಹುಕಾರರ ಕಾಲು ಹಿಡಿದು ಇನ್ನೊಂದು ಅವಕಾಶ ಕೇಳಿಕೊಂಡು ಬಂದೆ. ಬೆಂಗಳೂರಿನಿಂದಲೂ ಯಾರೂ ಬರಲು ಒಪ್ಪದೆ ಅವರೂ ಸೋತಿದ್ದರು. ಭಾವ ಮತ್ತೆ ಮುಚ್ಚಳ ಬಿಚ್ಚಿ, ಚೈನು ಸಡಿಲಿಸಿ, ಇನ್‌ಟೇಕ್ ಕ್ಯಾಮನ್ನು ಎರಡು ಹಲ್ಲು ಮೊದಲಿಗೆ ತಂದು ಕೂರಿಸಿದರು. ಸ್ಪ್ಯಾನರು ಹಾಕಿ ಕೈಯಿಂದ ಎರಡು ಸುತ್ತು. ಸ್ಕ್ಯಾನರಿನಲ್ಲಿ ಹೊಂದಾಣಿಕೆ ಸರಿ ಬಂತು. ಸಾಹುಕಾರರು ಮತ್ತದೇ ನಾಲ್ಕು ಜನರ ಜೊತೆ ಬಂದು, ದೂರದಲ್ಲೇ ನಿಂತರು. ಭಾವ ಕೀ ತಿರುಗಿಸಿದರು. ಕಪ್ಪೆ ಒಂದೇ ಸಲಕ್ಕೆ ಎದ್ದಿತು. ಕೆಮ್ಮಿಲ್ಲ, ನಡುಕವಿಲ್ಲ, ಹೊಟ್ಟೆಯ ಒಳಗಿನಿಂದ ಬರುವಂಥ ತುಂಬು ದನಿ. ಭಾವ ಸ್ಕ್ರೂ ಡ್ರೈವರನ್ನು ಕಿವಿಯ ಮೂಳೆಗೆ ಆನಿಸಿ ಕೇಳಿ, ತಲೆಯಾಡಿಸಿದರು.

ಸಾಹುಕಾರರ ಮುಖ ಅರಳಿತು. ವ್ಯಾಪಾರಿಗಳ ಕಡೆ ತಿರುಗಿ, "ಅಂತೂ ಮಲ್ಲಣ್ಣ ತಾನ್ ಮಾಡಿದ್ ತಪ್ಪ ತಾನೇ ತಿದ್ಕಂಡ, ಪರ್ವಾಗಿಲ್ಲ" ಅಂದರು.

ಭಾವ ಹೌದೆಂದು ನಕ್ಕರು. ಅದು ನನ್ನಿಂದ ತಡೆಯಲಾಗಲಿಲ್ಲ. ಅಷ್ಟು ದಿನ ಯಾರ ಯಾರ ಮೇಲೋ ಹಾರಾಡಿದ್ದ ಸಿಟ್ಟು ಕೊನೆಗೆ ತನ್ನ ಮನೆಗೆ ಬಂತು. ಭಾವನ ಜೇಬಿಗೆ ಕೈಹಾಕಿ ಚೀಟಿ ತೆಗೆದು, ಕಾರಿನ ಬಾನೆಟ್ಟಿನ ಮೇಲೇ ಇಟ್ಟು, ಎಲ್ಲರ ಎದುರು ಮುಂದಕ್ಕೆ ಎಂಬ ಪದದ ಮೇಲೆ ಒಂದು ಗೀಟು ಎಳೆದೆ. ಕೆಳಗಿನ ತಪ್ಪು ಓದುವ ಹಾಗೆಯೇ ಇತ್ತು. ಪಕ್ಕದಲ್ಲಿ ಮೊದಲಿಗೆ ಎಂದು ಬರೆದು, ವೀರಭದ್ರಪ್ಪ ಎಂದು ಪೂರ್ತಿ ರುಜು ಹಾಕಿ ಸಾಹುಕಾರರ ಕೈಗೆ ಕೊಟ್ಟೆ. ನಡೆದದ್ದನ್ನು ಹೇಳಿದೆ.

ಸಾಹುಕಾರರು ಚೀಟಿಯನ್ನು ಓದಿದರು. ಭಾವನ ಭುಜದ ಮೇಲೆ ಕೈಯಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲಯ್ಯ, ನಮ್ ಮಂಡಿ ಪತ್ರ ಬರ್ದಿದ್ದೂ ನೀನೇ ಅಲ್ವಾ?" ಅಂದರು.

ಆ ಇಡೀ ತಿಂಗಳು ಜನ ಹಳೆಯ ಪತ್ರಗಳನ್ನು ಹಿಡಿದು ನನ್ನ ಮೇಜಿನ ಮುಂದೆ ಸಾಲು ನಿಂತರು, ಬರೆಸಲು ಅಲ್ಲ, ಇನ್ನೊಂದು ಸಲ ಓದಿಸಲು. ಕೆಲವರು ಎದುರಿನ ಬರಹಗಾರನ ಹತ್ತಿರ ಹೋದರು. ಹೋದವರು ಇನ್ನೂ ಅಲ್ಲೇ ಇದ್ದಾರೆ. ಭಾವ ಅಂದದ್ದು ನಿಜವೇ ಆಯಿತು. ಆದರೆ ಅವರ ಷೆಡ್ಡಿಗೆ ಟ್ರ್ಯಾಕ್ಟರುಗಳು ಬಂದವು. ತಗಡಿನ ಮೇಲಿನ ವೈಟ್ನರನ್ನು ಸ್ಟೂಲು ಹತ್ತಿ ಉಗುರಿನಿಂದ ಕೆರೆದು ತೆಗೆದವನು ನಾನೇ.

ನಿನ್ನೆ ಚಿಲಮತ್ತೂರಿನವರಿಗೆ ಇಷ್ಟೆಲ್ಲ ಹೇಳಲಿಲ್ಲ. ಪಶ್ಚಿಮದ ಮೇಲೆ ಗೀಟು ಎಳೆದು, ಪೂರ್ವ ಎಂದು ಬರೆದು, ಪಕ್ಕದಲ್ಲಿ ಮೊದಲು ನನ್ನ ರುಜು ಹಾಕಿ, ಅವರದನ್ನೂ ಹಾಕಿಸಿದೆ. ಅವರು ಗೊಣಗುತ್ತ ಕಾಗದ ಮಡಿಸಿಕೊಂಡರು. ಏಳುವಾಗ ಬಾಟಲಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, "ಬಳಿಯಂಗಿಲ್ಲ ಅಂದ್ಮ್ಯಾಲೆ ಇದ್ಯಾಕ್ ಮಡಿಕ್ಕಂಡಿದೀರಿ? ಮ್ಯಾಲೆಲ್ಲ ಎಣ್ಣೆ ಹೆಬ್ಬೆಟ್ಟು ಬೇರೆ" ಅಂದರು.

"ಒರೆಸಬೇಡಿ, ಅಲ್ಲೇ ಇಡಿ" ಅಂದೆ. "ನಾನ್ ಮಾಡಿದ ಒಂದು ತಪ್ಪಿಗೆ ನಮ್ ಭಾವ ಹಾಕಿದ ರುಜು ಅದು."